ಹಳೆಯ ಜಲವಿಮಾನಗಳ ಬೆಲೆ

ಲೋಕದಲ್ಲಿ ಹಳೆಯ ವಸ್ತುಗಳಿಗೆ ಸಲ್ಲುವ ಆದರವು ಎರಡು ಬಗೆಯಾದುದು. ಕೆಲಸವು ಮುಗಿದು ಮೂಲೆಗೆ ಸೇರಿದ ವಸ್ತುವನ್ನು ಹಿರಿಯರ ನೆನಪಿಗಾಗಿ ಒರಸಿ ಇಟ್ಟು ನೋಡುವುದು ಒಂದು. ಹಳತಾದರೂ ಅದಕ್ಕೆ ಸಮನಾದ ಬೇರೊಂದು ದೊರೆಯದೆ, ಇಂದಿಗೂ ಅದರಿಂದಲೇ ಕೆಲಸವನ್ನು ಮಾಡಿಸಿಕೊಳ್ಳುವುದು ಇನ್ನೊಂದು. ಅಟ್ಟದ ಮೇಲಣ ತಾಳೆಯೋಲೆಯ ಕಟ್ಟಿಗೆ ಸಲ್ಲುವುದು ಮೊದಲನೆಯದು. ಬಚ್ಚಲಮನೆಯ ತಾಮ್ರದ ಹಂಡೆಗೆ ಸಲ್ಲುವುದು ಎರಡನೆಯದು. ಈ ಎರಡನೆಯ ಆದರಕ್ಕೆ ಪಾತ್ರವಾದ ಯಂತ್ರಗಳು ಬಹಳ ಅಪೂರ್ವ. ಕೊಂಡ ಗಡಿಯಾರವು ಹತ್ತು ವರ್ಷ ಬಾಳಿದರೆ ಹೆಚ್ಚೆನ್ನುವ ಈ ಕಾಲದಲ್ಲಿ, ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಮಾಡಿದ ವಿಮಾನಗಳು ಈಗಲೂ ಜನರನ್ನೂ ಸಾಮಾನುಗಳನ್ನೂ ಹೊತ್ತು ನೀರಿನಿಂದೆದ್ದು ನೀರಿಗಿಳಿಯುತ್ತಿರುವುವೆಂದರೆ ವಾಚಕರು ಆಶ್ಚರ್ಯಪಡಬಹುದು. ಅಂತಹ ವಿಮಾನಗಳು ಜನರ ಮನಸ್ಸನ್ನು ಏಕೆ ಹಿಡಿದಿರುವುವು, ಅವುಗಳ ಬೆಲೆಯು ವರ್ಷದಿಂದ ವರ್ಷಕ್ಕೆ ಏಕೆ ಏರುತ್ತಿರುವುದು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಕೆನಡಾ ದೇಶದ ಉತ್ತರಭಾಗ, ಅದರ ಪಶ್ಚಿಮದ ಕಡಲತೀರ, ಅಮೆರಿಕಕ್ಕೆ ಸೇರಿದ ಅಲಾಸ್ಕ ಪ್ರಾಂತ, ಇವುಗಳಲ್ಲಿ ನೂರಾರು ಮೈಲಿ ಹೋದರೂ ರಸ್ತೆಯೆಂಬುದು ಕಾಣದ ಪ್ರದೇಶಗಳು ಬಹಳ. ಕಾಡು, ಬಂಡೆ, ಜೌಗುನೆಲ; ಇವುಗಳ ನಡುವೆ ಲೆಕ್ಕವಿಲ್ಲದಷ್ಟು ಸರೋವರಗಳು. ಕೆನಡಾದಲ್ಲಿರುವಷ್ಟು ಸರೋವರಗಳು ಪ್ರಪಂಚದ ಮತ್ತಾವ ದೇಶದಲ್ಲಿಯೂ ಇಲ್ಲವೆಂದು ಭೂಗೋಳಜ್ಞರು ಹೇಳುವರು. ಇಂತಹ ನಾಡಿಗೆ ಅಲ್ಲಿಯವರು ‘ಬುಷ್’ ಎನ್ನುವರು, ನಾವು ಕಾಡುನಾಡೆನ್ನೋಣ. ಅಲ್ಲಿ ವಿಮಾನವಿಳಿಯುವುದಕ್ಕೆ ಬಯಲನ್ನು ಮಾಡಬೇಕಾದರೆ ಮರ ಕಡಿದು, ಬಂಡೆಯೊಡೆದು, ಜೌಗನ್ನು ತುಂಬಬೇಕು. ಪ್ರಕೃತಿಯೇ ಮಟ್ಟಮಾಡಿಟ್ಟ ನೀರಿನ ಬಯಲು ಊರಿನ ಮುಂದೆಯೇ ಇರುವಾಗ ಅಷ್ಟು ಶ್ರಮವೇಕೆ? ಆದಕಾರಣ ವಿಮಾನವೇ ನೀರಿನ ಮೇಲೆ ಇಳಿಯಲು ಕಲಿಯಿತು. ಚಳಿಗಾಲದಲ್ಲಿ ಸರೋವರವು ಹೆಪ್ಪುಗಟ್ಟಿ ಕಲ್ಲಿನಂತಾದರೆ, ಅದೇ ವಿಮಾನಕ್ಕೆ ಜಾರುಪಟ್ಟಿಗಳನ್ನು ಕಟ್ಟಿ ಮಂಜುಗೆಡ್ಡೆಯ ಮೇಲೆ ಇಳಿಸುವರು.

ಜಲವಿಮಾನಗಳಲ್ಲಿ ಎರಡು ಜಾತಿಗಳುಂಟು. ಒಡಲೇ ದೋಣಿಯಂತಿದ್ದು ನೀರಿನ ಮೇಲೆ ಕುಳಿತುಕೊಳ್ಳತಕ್ಕದ್ದು ಒಂದು. ಈ ಜಾತಿಯು ನಮ್ಮ ಬೆಂಗಳೂರಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ಹಾರುದೋಣಿಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು, ದುರಸ್ತಿಗಾಗಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಗೆ ಹೋಗುತ್ತಿದ್ದುವು. ಸಾಧಾರಣ ವಿಮಾನದ ಗಾಲಿಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ದೋಣಿಯಾಕಾರದ ಎರಡು ಟೊಳ್ಳು ಪಾದುಕೆಗಳನ್ನು ತೊಡಿಸಿದುದು ಇನ್ನೊಂದು ಜಾತಿ. ಆ ಪಾದುಕೆಗಳಿಗೆ ಫ್ಲೋಟುಗಳೆಂದು ಹೆಸರು. ಕಾಡುನಾಡಿನ ವಿಮಾನಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು.

ನೀರಿನಿಂದ ಮೊದಲು ಸ್ವಂತ ಬಲದಿಂದ ಮೇಲಕ್ಕೆದ್ದವನು ಆಂರಿ ಫಾಬ್ರ್ ಎಂಬ ಫ್ರೆಂಚನು. ಇದು ನಡೆದುದು 1910ನೆಯ ಇಸವಿ ಮಾರ್ಚಿ 28ರಂದು. 1919ರಲ್ಲಿ ಸ್ಟೂಅರ್ಟ್ ಗ್ರಹಾಂ ಎಂಬ ವೈಮಾನಿಕನು ಯುದ್ಧದಿಂದುಳಿದ ಹಾರುದೋಣಿಯೊಂದನ್ನು ಕ್ವೆಬೆಕ್ ಪ್ರಾಂತಕ್ಕೆ ಒಯ್ದು, ಕಾಡ್ಗಿಚ್ಚನ್ನು ಕಾಯುವ ಕೆಲಸಕ್ಕೆ ತೊಡಗಿಸಿದನು. 1935ರಲ್ಲಿ ನೂರ್ಡೈನ್ ಎಂಬ ಶಿಲ್ಪಿಯ ನಾರ್ಸ್‌ಮನ್ ವಿಮಾನವು ಹೊರಬಂದಿತು. ಕಾಡುನಾಡಿಗೆಂದೇ ಕಲ್ಪಿಸಿದ ಮೊದಮೊದಲ ವಿಮಾನಗಳಲ್ಲಿ ಅದು ಒಂದು. ಇವೆಲ್ಲವೂ ಪೀಠಿಕೆ. ನಮ್ಮ ಕಥೆಯ ನಾಯಕನು 1947ನೆಯ ಇಸವಿ ಆಗಸ್ಟ್ 16ರಂದು, ನಮ್ಮ ದೇಶವು ಸ್ವತಂತ್ರವಾದ ಮರುದಿನ, ಟೊರಾಂಟೋ ನಗರದ ಬಳಿಯ ಡೌನ್ಸ್‌ವ್ಯೂ ಎಂಬಲ್ಲಿ ಮೊದಲು ಹಾರಿದನು. ಅವನ ಹೆಸರು ಬೀವರ್. ನೀರಿನಲ್ಲಿ ಅಣೆಕಟ್ಟುಗಳನ್ನು ಕಟ್ಟುವ ಒಂದು ಶ್ರಮಜೀವಿಯಾದ ಪ್ರಾಣಿಯ ಹೆಸರದು. ಮಾಡಿದವರು ಡಿ ಹ್ಯಾವಿಲೆಂಡ್ ಕಂಪನಿಯ ಕೆನಡಾ ಶಾಖೆಯವರು.

ಈ ವಿಮಾನವನ್ನು ಕಲ್ಪಿಸಿದ ರೀತಿಯು ನಮಗೆ ಬಹಳ ಮೆಚ್ಚಿಕೆಯಾದುದು. ಯುದ್ಧವು ಮುಗಿದು ಕಂಪನಿಯು ಹೊಸ ಕೆಲಸವನ್ನು ಅರಸುತ್ತಿದ್ದಾಗ, ಅದರ ಶಿಲ್ಪಿಗಳು ತಮ್ಮ ಬುದ್ಧಿಗೆ ತೋರಿದುದನ್ನು ಕಾಗದದ ಮೇಲೆ ಗೀಚಿ ತೃಪ್ತರಾಗಲಿಲ್ಲ. ಆಗ ಕಂಪನಿಯಲ್ಲಿದ್ದ ಪಂಚ್ ಡಿಕಿನ್ಸ್ ಎಂಬ ಪ್ರಸಿದ್ಧ ವೈಮಾನಿಕನ ಮೂಲಕ, ಕಾಡುನಾಡಿನಲ್ಲಿ ಹಾರುವವರನ್ನೇ, “ನಿಮಗೆ ಎಂತಹ ವಿಮಾನ ಬೇಕು?” ಎಂದು ಕೇಳಿಸಿದರು. ಅವರ ಉತ್ತರದಲ್ಲಿ ಅಂದಚಂದದ ಮಾತಿರಲಿಲ್ಲ, ವೇಗದ ಮೇಲೆ ಮೋಹವೂ ಇರಲಿಲ್ಲ. ಸಣ್ಣ ಕೊಳದಿಂದ ದೊಡ್ಡ ಹೊರೆಯನ್ನೆತ್ತಿಕೊಂಡು ಏಳಬೇಕು, ಬಲವು ಬೇಕಾದುದಕ್ಕಿಂತ ಮಿಗಿಲಾಗಿರಬೇಕು, ಎಂಬುದೇ ಅದರ ಸಾರ. ಅಡಿಗೆಮನೆಯನ್ನು ಕಟ್ಟುವ ಮುನ್ನ ಅಡಿಗೆ ಮಾಡುವವರನ್ನು ಕೇಳುವ ಯಜಮಾನರು ನಮ್ಮಲ್ಲಿ ಎಷ್ಟು ಮಂದಿಯಿರುವರು? ಕೇಳಿದುದರ ಫಲವನ್ನು ಆ ಕಂಪನಿಯು ಕಂಡಿತು.

ಬೀವರ್ ವಿಮಾನದ ಬಾಗಿಲು ಎಣ್ಣೆಯ ಪೀಪಾಯಿಯನ್ನು ಉರುಳಿಸಿ ಒಳಕ್ಕೆ ತಳ್ಳುವಷ್ಟು ಅಗಲ. ಪೆಟ್ರೋಲಿನ ತೊಟ್ಟಿಗಳು ರೆಕ್ಕೆಯಲ್ಲಿರದೆ ಹೊಟ್ಟೆಯೊಳಗಿರುವುದರಿಂದ, ಏಣಿಯನ್ನು ಹತ್ತದೆ ಫ್ಲೋಟಿನ ಮೇಲೆಯೇ ನಿಂತು ಅವುಗಳನ್ನು ತುಂಬಬಹುದು. ಇಂಜಿನ್ನಿಗೆ ಹಾಕುವ ಎಣ್ಣೆಯ ಬಾಯಿ ವೈಮಾನಿಕನ ಕೊಠಡಿಯೊಳಗೇ ಇರುವುದು. ಆಕಾಶದಲ್ಲಿದ್ದಾಗಲೂ ಎಣ್ಣೆಯನ್ನು ಹೊಯ್ಯಬಹುದು. ಎಲುಬೆಲ್ಲ ಲೋಹ, ಆದಕಾರಣ ಮಳೆಗೆ ನೆನೆದು ಕೊಳೆಯುವ ಮರದ ಭಯವಿಲ್ಲ. ಮುಂದೆ ಒಂಬತ್ತು ಉರುಳೆಗಳನ್ನು ಹೂವಿನ ದಳಗಳಂತೆ ಸುತ್ತಲೂ ಜೋಡಿಸಿದ, 450 ಕುದುರೆಗಳ ಬಲದ ವಾಸ್ಪ್ ಜೂನಿಯರ್ ಇಂಜಿನ್. ಮೊದಲು ಇದಕ್ಕಿಂತ ಸಣ್ಣದಾದ ಆಂಗ್ಲ ಇಂಜಿನ್ನೊಂದನ್ನು ಹಾಕಬೇಕೆಂದಿದ್ದರು. ಆದರೆ ಯುದ್ಧಕ್ಕಾಗಿ ಮಾಡಿದ ವಾಸ್ಪ್ ಇಂಜಿನ್ನುಗಳು ಆಗ ಮಳಿಗೆಗಳಲ್ಲಿ ರಾಶಿರಾಶಿಯಾಗಿ ಬಿದ್ದು ಅಗ್ಗವಾಗಿ ದೊರೆಯುತ್ತಿದ್ದುದರಿಂದ, ಬಲಕ್ಕೆ ಬಲವೂ ಆಯಿತು, ಉಳಿತಾಯಕ್ಕೆ ಉಳಿತಾಯವೂ ಆಯಿತು. ಈ ಅಗ್ಗದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ತೊಡಕು ಬರುವುದು.

1967ರ ವರೆಗೆ 1,600ಕ್ಕೂ ಮೀರಿ ಬೀವರ್‌ಗಳು ತಯಾರಾದುವು. ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕದ ಸೈನ್ಯದವರೇ ಕೊಂಡರು. 1951ರಲ್ಲಿ ಹುಟ್ಟಿದ ಅದರ ತಮ್ಮ, ಗಾತ್ರದಲ್ಲಿ ಮಾತ್ರ ಅಣ್ಣನಂತಿರುವ ಆಟರ್ ವಿಮಾನವನ್ನು ನಮ್ಮ ಭಾರತೀಯ ವಾಯುಸೇನೆಯೂ 1950ರ ದಶಕದ ಕೊನೆಯ ಭಾಗದಲ್ಲಿ ತರಿಸಿಕೊಂಡು, ಬಹಳ ಕಾಲ ಬಳಸಿತು. 1967ರಲ್ಲಿ ಬೀವರ್‌ನ ಅಚ್ಚು ನಿಂತುಹೋಯಿತು. ವಿಮಾನವು ಮಾತ್ರ ನಿಲ್ಲಲಿಲ್ಲ.

ನಮ್ಮ ಹಿರಿಯ ಮಗನು ಕೆನಡಾದ ವ್ಯಾಂಕೂವರ್ ನಗರದಲ್ಲಿ ಉದ್ಯೋಗದಲ್ಲಿರುವನು. 2023ನೆಯ ಇಸವಿಯ ಬೇಸಗೆಯನ್ನು ನಾವೂ ನಮ್ಮ ಮನೆಯವರೂ ಅವನ ಮನೆಯಲ್ಲಿ ಕಳೆದೆವು. ಆ ನಗರದ ನಡುವೆಯೇ ಕೋಲ್ ಹಾರ್ಬರ್ ಎಂಬ ಕೊಲ್ಲಿಯೊಂದುಂಟು. ಅಲ್ಲಿ ದಿನವೆಲ್ಲ ಜಲವಿಮಾನಗಳು ಬಂದು ಹೋಗುತ್ತಿರುವುವು. ನಿತ್ಯವೂ ಸಂಜೆ ಅದರ ದಡದಲ್ಲಿ ಕುಳಿತು ನೋಡುವುದು ನಮಗೆ ಅಭ್ಯಾಸವಾಯಿತು. ನೀರಿನ ಮೇಲೆ ಬಾತುಕೋಳಿಯಂತೆ ಅತ್ತಿತ್ತ ಒಲೆದಾಡುವ ಯಂತ್ರವು ಒಮ್ಮೆಲೇ ಗರ್ಜಿಸಿ, ಹಿಂದೆ ಬಿಳಿಯ ನೊರೆಯ ಗೆರೆಯನ್ನೆಳೆದು, ನೀರನ್ನು ಬಿಡಲೊಲ್ಲದಂತೆ ಸ್ವಲ್ಪ ಹೊತ್ತು ತಡೆದು, ಕೊನೆಗೆ ಬಿಟ್ಟು ಮೇಲಕ್ಕೇಳುವುದನ್ನು ಎಷ್ಟು ಸಲ ನೋಡಿದರೂ ಬೇಸರವಾಗದು. ಮಗನು ಇದನ್ನು ಕಂಡು, “ಅಪ್ಪಾ, ದೂರದಿಂದ ನೋಡಿದ್ದು ಸಾಕು, ಒಂದು ಸಲ ಹತ್ತಿಯೇ ಬಿಡಿ” ಎಂದು, ದೋಣಿಯಲ್ಲಿ ಹೋದರೆ ಅರ್ಧದಿನ ಹಿಡಿಯುವ ಒಂದು ದ್ವೀಪಕ್ಕೆ ಟಿಕೆಟ್ಟುಗಳನ್ನು ಕೊಂಡುತಂದನು.

ಅದು ಬೀವರ್ ವಿಮಾನ. ಬಾಗಿಲ ಬಳಿಯ ಸಣ್ಣ ಫಲಕದಲ್ಲಿ 1956 ಎಂದಿತ್ತು; ನಮ್ಮ ಹಿರಿಯಣ್ಣನವರ ವಯಸ್ಸು! ಪ್ರಯಾಣಿಕರು ಆರು ಮಂದಿ. ಹಿಂದಿನ ಭಾಗದಲ್ಲಿ ಔಷಧದ ಪೆಟ್ಟಿಗೆ, ಎರಡು ಮೂಟೆ ತರಕಾರಿ, ಒಂದು ಮೋಟಾರಿನ ಟೈರು. ವೈಮಾನಿಕಳು ನಮ್ಮ ಕಿರಿಯ ಮಗಳ ವಯಸ್ಸಿನ ಹುಡುಗಿ. ಕೊಲ್ಲಿಯು ಅಂದು ಕನ್ನಡಿಯಂತಿತ್ತು. “ಇಷ್ಟು ಶಾಂತವಾಗಿರುವುದು ಒಳ್ಳೆಯದಲ್ಲವೆ?” ಎಂದು ಕೇಳಿದೆವು. ಆಕೆ ತಲೆಯಾಡಿಸಿ, ತುಸು ಅಲೆಯಿದ್ದರೇ ಅನುಕೂಲವೆಂದಳು: ಅಲೆಯಿದ್ದರೆ ಫ್ಲೋಟುಗಳ ಕೆಳಗೆ ಗಾಳಿ ಹೊಕ್ಕು ನೀರು ಬೇಗ ಬಿಡುವುದಂತೆ, ಇಳಿಯುವಾಗಲಂತೂ ನಿಶ್ಚಲವಾದ ನೀರು ಎಷ್ಟು ಕೆಳಗಿದೆಯೆಂದು ಕಣ್ಣಿಗೆ ತಿಳಿಯದೆ ಮೋಸಮಾಡುವುದಂತೆ. ಕಾಲಕ್ಷೇಪದಲ್ಲಿ ಎಷ್ಟೋ ಸಲ ಕೇಳಿದ ವೇದಾಂತದ ಮಾತೊಂದನ್ನು ಇಂಜಿನ್ನಿನ ಪಕ್ಕದಲ್ಲಿ ಕೇಳಿದಂತಾಯಿತು. ಮೇಲಕ್ಕೆದ್ದ ಬಳಿಕ ಸದ್ದು ಬಹಳ, ನಡುಕವೂ ಉಂಟು. ಆದರೆ ದೊಡ್ಡ ವಿಮಾನಗಳಲ್ಲಿ ಮೋಡದ ಮೇಲೆ ಕುರುಡರಂತೆ ಕುಳಿತಿರುವ ಹಾಗಲ್ಲ; ಕೆಳಗೆ ಮೀನುದೋಣಿಯ ಬಲೆಯೂ, ದ್ವೀಪದ ಅಂಗಳದಲ್ಲಿ ಒಣಗಹಾಕಿದ ಬಟ್ಟೆಯೂ ಕಾಣುವುವು.

ದ್ವೀಪದ ಕಟ್ಟೆಯಲ್ಲಿ ವಯಸ್ಸಾದ ಮೆಕ್ಯಾನಿಕ್ಕರೊಬ್ಬರು ಫ್ಲೋಟುಗಳ ಒಂದೊಂದು ಕೋಣೆಗೂ ಕೈಪಂಪನ್ನಿಟ್ಟು, ಒಸರಿದ ನೀರನ್ನು ತೆಗೆಯುತ್ತಿದ್ದರು. ಇದು ದಿನವೂ ಆಗಬೇಕಾದ ಕೆಲಸ. ಉಪ್ಪುನೀರಿನಲ್ಲಿಳಿದ ವಿಮಾನವನ್ನು ಸಂಜೆ ಸಿಹಿನೀರಿನಲ್ಲಿ ತೊಳೆಯಲೂ ಬೇಕು; ಇಲ್ಲವಾದರೆ ಉಪ್ಪು ಲೋಹವನ್ನು ತಿನ್ನುವುದು. ವಿಮಾನದ ವಯಸ್ಸನ್ನು ಕುರಿತು ಕೇಳಲು ಆತನು ನಕ್ಕು, 1956ರಿಂದ ಬದಲಾಗದೆ ಉಳಿದಿರುವುದು ಆ ಫಲಕವೊಂದೇ ಎಂದನು. ರೆಕ್ಕೆ, ಫ್ಲೋಟು, ಇಂಜಿನ್, ತಗಡು, ಒಂದೊಂದೂ ಒಂದೊಂದು ಸಲ ಬದಲಾಗಿರುವುದಂತೆ. ಹಾಗಾದರೆ ಇದು ಅದೇ ವಿಮಾನವೆಂಬುದು ಹೇಗೆ? ಕ್ಷಣಕ್ಷಣಕ್ಕೂ ಹೊಸ ಎಣ್ಣೆಯನ್ನು ಹೀರಿ ಉರಿಯುವ ದೀಪದ ಕುಡಿಯನ್ನು ‘ಅದೇ ದೀಪ’ವೆನ್ನುವುದು ಸರಿಯೆ ಎಂದು ನಮ್ಮ ತಾರ್ಕಿಕರು ಬಹುಕಾಲ ವಾದಿಸಿದರು. ನಮ್ಮ ಮನೆಯವರು ಅಷ್ಟು ದೂರ ಹೋಗಲಿಲ್ಲ. “ನೋಡಿ, ಎಣ್ಣೆ ಹಾಕುವವರು ಇರುವವರೆಗೆ ಅದೇ ದೀಪ” ಎಂದುಬಿಟ್ಟರು.

ಇನ್ನು ಬೆಲೆಯ ಮಾತು. ಚೆನ್ನಾಗಿ ದುರಸ್ತಿಮಾಡಿ ಫ್ಲೋಟುಗಳನ್ನು ಕಟ್ಟಿದ ಬೀವರ್ ವಿಮಾನಕ್ಕೆ ಇಂದು ಐದು ಲಕ್ಷ ಡಾಲರುಗಳು, ಅಂದರೆ ನಾಲ್ಕು ಕೋಟಿ ರೂಪಾಯಿಗಳಿಗೂ ಮಿಗಿಲಾದ ಬೆಲೆಯುಂಟು. ಹಳೆಯದಾಗುತ್ತ ಬೆಲೆಯಿಳಿಯಬೇಕೆಂಬ ಲೋಕನ್ಯಾಯವು ಇಲ್ಲಿ ತಲೆಕೆಳಗಾಗಿರುವುದು. ಕಾರಣಗಳು ಹಲವು. ಮೊದಲನೆಯದು, ಹೊಸದು ಹುಟ್ಟುವುದಿಲ್ಲ. ಇರುವುವು ಅಪಘಾತದಿಂದಲೂ ತುಕ್ಕಿನಿಂದಲೂ ವರ್ಷೇ ವರ್ಷೇ ಕಡಮೆಯಾಗುವುವು. ಎರಡನೆಯದು ಇಂಜಿನ್. ಅಂದು ರಾಶಿ ಬಿದ್ದಿದ್ದ ಆ ವಾಸ್ಪ್ ಇಂಜಿನ್ನಿನ ತಯಾರಿಕೆಯು 1953ರಲ್ಲಿಯೇ ನಿಂತಿತು. ಯುದ್ಧಕಾಲದ ರಾಶಿಯನ್ನು ಮೂರು ತಲೆಮಾರಿನವರು ಉಂಡು ಕರಗಿಸಿದರು. ಗೊತ್ತಾದಷ್ಟು ಗಂಟೆ ಹಾರಿದ ಮೇಲೆ ಇಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಕಟ್ಟಬೇಕು. ಒಂದು ಸಲಕ್ಕೆ ಹತ್ತಾರು ಸಾವಿರ ಡಾಲರುಗಳು ಬೇಕು, ಕಟ್ಟಬಲ್ಲ ಕೈಗಳೂ ವಿರಳ. ಪಿತ್ರಾರ್ಜಿತದ ಕಣಜವು ತುಂಬಿರುವಾಗ ಹೊಲವನ್ನು ಉಳುವ ಯೋಚನೆ ಯಾರಿಗೂ ಬಾರದು. ಅಂದಿನ ಅಗ್ಗವೇ ಇಂದಿನ ಅಭಾವಕ್ಕೆ ಬೀಜವಾಯಿತು.

ಮೂರನೆಯದು ಎಣ್ಣೆ. ಈ ಇಂಜಿನ್ನು ಗಂಟೆಗೆ ಸುಮಾರು 80-90 ಲೀಟರು ವಿಮಾನದ ಪೆಟ್ರೋಲನ್ನು ಕುಡಿಯುವುದು. ಈ ಪೆಟ್ರೋಲು ಬಹುಮಟ್ಟಿಗೆ ಸೀಸವು ಕೂಡಿದುದು; ಸೀಸದಿಂದ ಮಕ್ಕಳ ಮಿದುಳಿಗೆ ಕೇಡೆಂಬ ಕಾರಣದಿಂದ ಅಮೆರಿಕದವರು 2030ರ ಕೊನೆಯೊಳಗಾಗಿ ಅದನ್ನು ಬಿಡಿಸಬೇಕೆಂದಿರುವರು. ಸೀಮೆಎಣ್ಣೆಯನ್ನು ಹೋಲುವ ಇಂಧನದಿಂದ ನಡೆಯುವ ಟರ್ಬೈನ್ ಇಂಜಿನ್ನನ್ನು ಹಳೆಯ ಒಡಲಿಗೆ ಕೂಡಿಸುವವರುಂಟು. ಅದಕ್ಕೆ ತಗಲುವ ಹಣದಲ್ಲಿ ಬೇರೊಂದು ಹಳೆಯ ವಿಮಾನವನ್ನೇ ಕೊಳ್ಳಬಹುದು. ನಾಲ್ಕನೆಯದು ವಿಮೆ. ನೀರಿನಲ್ಲಿಳಿಯುವ ವಿಮಾನಕ್ಕೆ, ಅದರಲ್ಲಿಯೂ ಅನುಭವ ಸಾಲದ ವೈಮಾನಿಕನ ಕೈಗೆ, ವಿಮೆಗಾರರು ಸುಲಭವಾಗಿ ಒಪ್ಪರು.

ಐದನೆಯ ಕಾರಣವೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದುದು, ಅದು ಪ್ರೀತಿ. ಗುಂಡನೆಯ ಮೂಗಿನ ಈ ವಿಮಾನದ ಮೇಲೆ ಸಿರಿವಂತರಿಗೂ ಮನಸ್ಸಾಯಿತು. ಹ್ಯಾರಿಸನ್ ಫೋರ್ಡ್ ಎಂಬ ಅಮೆರಿಕದ ಹೆಸರಾಂತ ಚಿತ್ರನಟನೂ ಒಂದು ಬೀವರ್ ವಿಮಾನವನ್ನು ಇಟ್ಟುಕೊಂಡು ತಾನೇ ನಡೆಸುವನು. ಮೀನು ಹಿಡಿಯುವ ವಿನೋದಕ್ಕೂ, ಪ್ರವಾಸಿಗಳ ಸಂತೋಷಕ್ಕೂ, ಸರೋವರದ ಮುಂದಣ ಸ್ವಂತ ಮನೆಗೆ ಹೋಗುವುದಕ್ಕೂ ಇದನ್ನೇ ಬಯಸುವರು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಔಷಧದ ಪೆಟ್ಟಿಗೆಯೂ ತರಕಾರಿಯ ಮೂಟೆಯೂ ಹೋಗಬೇಕಾದ ಸಣ್ಣ ಊರಿನ ಸಾಗಣೆಯವನು ಇವರೊಡನೆ ಹರಾಜಿನಲ್ಲಿ ನಿಂತು ಗೆಲ್ಲಬಲ್ಲನೆ? ಗೆದ್ದರೂ ಆ ಹಣವನ್ನು ಟಿಕೆಟ್ಟಿನ ಮೇಲೆ ಹಾಕದೆ ಬಿಡಬಲ್ಲನೆ? ಕೊನೆಗೆ ಅದನ್ನು ತೆರುವವರು, ಬೇರೆ ದಾರಿಯಿಲ್ಲದ ಊರಿನ ರೋಗಿಗಳು, ಬಸುರಿಯರು, ಶಾಲೆಗೆ ಹೋಗುವ ಮಕ್ಕಳು.

ನಮ್ಮಲ್ಲಿಯೂ ಹೀಗಾದುದನ್ನು ನೋಡಿರುವೆವು. ಮಲೆನಾಡಿನ ತೊಟ್ಟಿಯ ಮನೆಗಳ ಕೆತ್ತನೆಯ ಕಂಬಗಳಿಗೂ, ಹಿತ್ತಾಳೆಯ ಸರಪಣಿಯ ತೂಗುಮಣೆಗಳಿಗೂ ಪಟ್ಟಣದವರ ಪ್ರೀತಿ ಹುಟ್ಟಿತು, ಬೆಲೆಯೇರಿತು, ಬೆಲೆಯೇರಿದುದರಿಂದಲೇ ಮನೆಗಳು ಬಿಚ್ಚಿಹೋಗಿ, ಕಂಬಗಳು ಏನನ್ನೂ ಹೊರದೆ ಹೋಟೆಲುಗಳ ಹಜಾರಗಳಲ್ಲಿ ನಿಂತುವು. ಮಾಡನ್ನು ಹೊತ್ತಿದ್ದಾಗ ಅವುಗಳಿಗೆ ಬೆಲೆಯಿರಲಿಲ್ಲ; ಬೆಲೆ ಬಂದಾಗ ಹೊರುವುದಕ್ಕೆ ಮಾಡಿಲ್ಲ.

ಹಾಗೆಂದು ಬೆಲೆಯೇರಿಕೆಯೆಲ್ಲ ಕೇಡೆಂದು ಹೇಳಲಾಗದು. 2017ನೆಯ ಇಸವಿ ಡಿಸೆಂಬರ್ 31ರಂದು ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಉತ್ತರದಲ್ಲಿರುವ ಹಾಕ್ಸ್‌ಬರಿ ನದಿಯ ಪ್ರಾಂತದಲ್ಲಿ, 1963ರಲ್ಲಿ ಮಾಡಿದ ಬೀವರ್ ವಿಮಾನವೊಂದು ನೀರಿಗೆ ಬಿದ್ದು ಆರು ಮಂದಿ ತೀರಿಕೊಂಡರು. ವಿಚಾರಣೆಯಿಂದ ಹೊರಬಿದ್ದುದೇನೆಂದರೆ, ಹೊಗೆಯ ಕೊಳವೆಯಲ್ಲಿ ಬಿರುಕುಗಳಿದ್ದುವು. ಇಂಜಿನ್ನಿಗೂ ಜನರಿಗೂ ನಡುವಣ ತಡಿಕೆಯಲ್ಲಿ ಕೆಲವು ಬೋಲ್ಟುಗಳಿರಲಿಲ್ಲ. ಆ ಸಣ್ಣ ರಂಧ್ರಗಳಿಂದ ವಾಸನೆಯಿಲ್ಲದ ವಿಷವಾಯುವು ಒಳಹೊಕ್ಕು ವೈಮಾನಿಕನ ಬುದ್ಧಿಯನ್ನು ಮಂಕಾಗಿಸಿತ್ತು. 2022ರ ಸೆಪ್ಟೆಂಬರ್ 4ರಂದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಕಡಲಲ್ಲಿ ಆಟರ್ ವಿಮಾನವೊಂದು ಬಿದ್ದು ಹತ್ತು ಮಂದಿ ಮಡಿದರು. ಬಾಲದೊಳಗಿನ ಒಂದು ಭಾಗವು ಬಿಚ್ಚಿಕೊಳ್ಳದಂತೆ ತಡೆಯಬೇಕಾದ ಸಣ್ಣ ಉಂಗುರವು ಅಲ್ಲಿರಲಿಲ್ಲ. ಒಂದು ಬೋಲ್ಟು, ಒಂದು ಉಂಗುರ! ಹಳೆಯದನ್ನು ಬಳಸುವವನಿಗೆ ಹೊಸದನ್ನು ಬಳಸುವವನಿಗಿಂತ ಎಚ್ಚರವು ಇಮ್ಮಡಿಯಾಗಿ ಬೇಕು. ಎಚ್ಚರವು ಅಗ್ಗವಾಗಿ ದೊರೆಯುವ ಪದಾರ್ಥವಲ್ಲ. ಆದಕಾರಣ ಏರಿದ ಬೆಲೆಯನ್ನು ಎರಡಾಗಿ ವಿಂಗಡಿಸಿ ನೋಡಬೇಕು. ಅಭಾವದಿಂದಲೂ ಮೋಹದಿಂದಲೂ ಏರಿದುದು ಒಂದು ಪಾಲು. ಜಾಗರೂಕತೆಗಾಗಿ ತೆರುವುದು ಇನ್ನೊಂದು ಪಾಲು. ಎರಡನೆಯದನ್ನು ಉಳಿಸಹೋದವನು ಪ್ರಾಣವನ್ನೇ ಪಣವಾಗಿಟ್ಟಂತೆ.

ಹಾಗಾದರೆ ಹೊಸದಾಗಿ ಏಕೆ ಮಾಡಬಾರದೆಂದು ವಾಚಕರು ಕೇಳಬಹುದು. ಈ ವಂಶದ ಇಂಜಿನ್ನೆರಡರ ವಿಮಾನವಾದ ಟ್ವಿನ್ ಆಟರ್ 1988ರಲ್ಲಿ ನಿಂತುಹೋಗಿ, 2010ರಲ್ಲಿ ಮತ್ತೆ ಹೊಸದಾಗಿ ಹಾರಿದುದುಂಟು. ನಮ್ಮ ದೇಶದಲ್ಲಿಯೂ 2020ರ ಅಕ್ಟೋಬರ್ 31ರಂದು ಕೇವಡಿಯಾಕ್ಕೂ ಸಾಬರಮತಿಗೂ ನಡುವೆ ಹಾರತೊಡಗಿದುದು ಟ್ವಿನ್ ಆಟರ್ ವಿಮಾನವೇ; ಮರುವರ್ಷವೇ ಆ ಸಂಚಾರವು ನಿಂತಿತು. 2024ರ ನವೆಂಬರಿನಲ್ಲಿ ಕೊಚ್ಚಿಯಿಂದ ಮಾಟ್ಟುಪೆಟ್ಟಿ ಜಲಾಶಯಕ್ಕೆ ಪರೀಕ್ಷಾರ್ಥವಾಗಿ ಇಂತಹುದೊಂದು ಹಾರಿತು. ಆದರೆ ಬೀವರ್‌ನಂತಹ ಸಣ್ಣದನ್ನು ಇಂದಿನ ನಿಬಂಧನೆಗಳ ಪ್ರಕಾರ ಹೊಸದಾಗಿ ಮಾಡಿದರೆ, ಅದರ ಕ್ರಯವನ್ನು ತೆರಬಲ್ಲವರು ಕೆಲವರೇ. ಇದಕ್ಕಿಂತ ಸ್ವಾರಸ್ಯವಾದುದು 2019ರ ಡಿಸೆಂಬರ್ 10ರಂದು ನಡೆಯಿತು. ಅಂದು ವ್ಯಾಂಕೂವರಿನ ಬಳಿಯ ಫ್ರೇಸರ್ ನದಿಯಿಂದ, ಅರುವತ್ತು ವರ್ಷಕ್ಕೂ ಹಳೆಯದಾದ ಬೀವರ್ ವಿಮಾನವೊಂದು ವಿದ್ಯುಚ್ಛಕ್ತಿಯ ಮೋಟಾರಿನಿಂದಲೇ ಕೆಲವು ನಿಮಿಷ ಹಾರಿತು. ಬ್ಯಾಟರಿಯ ಭಾರವು ದೊಡ್ಡ ತೊಡಕಾದುದರಿಂದ ದೂರದ ಪ್ರಯಾಣವು ಸದ್ಯಕ್ಕೆ ಕನಸೇ ಸರಿ. ಆದರೂ ಹೊಸ ವಿದ್ಯೆಯನ್ನು ಪರೀಕ್ಷಿಸುವುದಕ್ಕೆ ಅವರು ಹಳೆಯ ಒಡಲನ್ನೇ ಆರಿಸಿಕೊಂಡರೆಂಬುದು ಆ ಒಡಲಿಗೆ ಸಂದ ಪ್ರಶಸ್ತಿಯಲ್ಲವೆ?

ಸಂಸ್ಕೃತದಲ್ಲಿ ‘ಅರ್ಘ’ವೆಂಬ ಒಂದೇ ಶಬ್ದಕ್ಕೆ ಬೆಲೆಯೆಂದೂ ಪೂಜೋಪಚಾರವೆಂದೂ ಎರಡರ್ಥಗಳನ್ನು ಕೋಶಕಾರರು ಹೇಳಿರುವರು. ಶಾಲೆಯಲ್ಲಿ ಇದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುತ್ತಿದ್ದೆವು. ಎರಡರ್ಥಗಳು ಒಂದೇ ಶಬ್ದದಲ್ಲಿ ಏಕೆ ಕೂಡಿರುವುವೆಂದು ಯಾವ ಹುಡುಗನೂ ಕೇಳಲಿಲ್ಲ. ಹಳೆಯ ವಿಮಾನವನ್ನು ಬೆಲೆಯಿಂದ ಮಾತ್ರ ಅಳೆದರೆ ಅದು ಸಿರಿವಂತರ ಆಟದ ಸಾಮಾನಾಗುವುದು. ಪೂಜಿಸಿ ಮಾತ್ರ ಕುಳಿತರೆ ವಸ್ತುಪ್ರದರ್ಶನಶಾಲೆಯ ಗೊಂಬೆಯಾಗುವುದು. ದಿನವೂ ನೀರನ್ನು ತೆಗೆದು, ಉಪ್ಪನ್ನು ತೊಳೆದು, ಬೋಲ್ಟುಗಳನ್ನು ಎಣಿಸಿ, ಅದಕ್ಕೆ ತಗಲುವ ಹಣವನ್ನು ಗೊಣಗದೆ ತೆತ್ತು, ಹೊರೆಯನ್ನು ಹೊರಿಸುವವನು ಮಾತ್ರ ಎರಡರ್ಥಗಳನ್ನೂ ಒಟ್ಟಿಗೆ ಬಲ್ಲವನು. ಅವನಿಗೆ ಉಪಚಾರವೇ ಬೆಲೆ, ಬೆಲೆಯೇ ಉಪಚಾರ.

ವಾಚಕರ ಮನೆಗಳಲ್ಲಿ ಜಲವಿಮಾನಗಳಿಲ್ಲ. ಆದರೆ ಹಿರಿಯರು ಕೇಳಿ, ಆರಿಸಿ, ಬಲವಾಗಿ ಮಾಡಿಸಿಟ್ಟ ಒಂದಾದರೂ ವಸ್ತು ಪ್ರತಿಯೊಂದು ಮನೆಯಲ್ಲಿಯೂ ಇದ್ದೀತು. ಹಂಡೆಯೋ, ಒರಳೋ, ಹೊಲಿಗೆಯಂತ್ರವೋ, ಬಾವಿಯ ರಾಟೆಯೋ. ಅದನ್ನು ಕೊಳ್ಳುವುದಕ್ಕೆ ಯಾರಾದರೂ ಬಾಗಿಲಿಗೆ ಬಂದು ಹೆಚ್ಚಿನ ಬೆಲೆಯನ್ನು ಹೇಳಿದಾಗ, ಆ ಬೆಲೆಯು ಎಲ್ಲಿಂದ ಬಂದಿತೆಂದು ಒಂದು ಗಳಿಗೆ ಯೋಚಿಸಿದರೆ ಒಳ್ಳೆಯದು. ಕೆಲಸಕ್ಕೆ ಬಾರದಿದ್ದರೆ ಧಾರಾಳವಾಗಿ ಕೊಡಬಹುದು. ಕೆಲಸಕ್ಕೆ ಬರುವಂತಿದ್ದರೆ, ಮೊದಲು ಕಲಾಯಿಯವನನ್ನೋ ಬಡಗಿಯನ್ನೋ ಕರೆದು ಕೂಲಿಯನ್ನು ವಿಚಾರಿಸುವುದು ಲೇಸು. ದುರಸ್ತಿಯ ಕೂಲಿಯು ಇಂದು ಹೆಚ್ಚೆಂದು ಕಂಡೀತು. ದುರಸ್ತಿಮಾಡುವ ಕೈಗಳೇ ಇಲ್ಲವಾದ ದಿನ ಯಾವ ಬೆಲೆಯನ್ನು ಕೊಟ್ಟರೂ ಅದು ಬಾರದು.